ಸೋಲಿನ ಲೆಕ್ಕ ಯಾರ ತಲೆಗೆ?

ಬ್ರೆಜಿಲ್ ಸೋತರೆ ನಿಮ್ಮ ಗಂಟೇನು ಹೋಗ್ತದ್ರಪ್ಪಾ ಎಂದು ನಮ್ಮನ್ನು ಕೇಳುವವರು ಬಹಳ ಜನ. ಹಾಸ್ಟೆಲಿನ ವಾರ್ಡನ್ ಕೇಳಿದ್ದಾರೆ, ಊರಿಗೆ ಹೋದಾಗ ಅವ್ವಂದಿರು ಕೇಳಿದ್ದಾರೆ. ಸಂಘಟನೆಯ ಹಿರಿಯರು ಕೇಳಿದ್ದು ಮಾತ್ರ ಪ್ರಶ್ನೆಯಾಗಿ ಅಲ್ಲ, ಆಕ್ಷೇಪಣೆಯಾಗಿ. ಕರಪತ್ರ ಹಂಚೋಕೆ ಬನ್ರೋ ಅಂದ್ರೆ ಏಳದ ಹುಡುಗರು ಏಳು ಸಮುದ್ರದಾಚೆಯ ಚೆಂಡಾಟ ನೋಡೋಕೆ ಬೆಳಗಿನ ಜಾವ ಐದಕ್ಕೇ ಎದ್ದು ಕೂರ್ತಾರಲ್ಲ, ಇದು ಯಾವ ಸೀಮೆ ಬಂಡಾಯ ಎಂದು ಅವರ ಸಿಟ್ಟು. ಆ ಸಿಟ್ಟಿನಲ್ಲಿ ಅರ್ಥವಿಲ್ಲದಿಲ್ಲ. ಆದರೆ ಆ ಚೆಂಡಾಟದಲ್ಲಿ ನಾವು ಕಂಡದ್ದೇನು ಎಂಬುದನ್ನು ಹೇಳಲೇಬೇಕಾಗಿದೆ. ಹೇಳದಿದ್ದರೆ ಅವರಿಗೂ ತಿಳಿಯದು, ನಮಗೂ ಸಮಾಧಾನವಿಲ್ಲ.

ಬೆಂಗಳೂರಿನ ಹಲಸೂರಿನ ಕಡೆ ಗೌತಮಪುರ ಅಂತ ಒಂದು ಜಾಗವಿದೆ. ಬ್ರಿಟಿಷರ ದಂಡಿನ ಕಾಲದಲ್ಲಿ ಚಾಕರಿಗೆಂದು ಬಂದ ತಮಿಳು ಮಾತಿನ ದಲಿತರ ಮಕ್ಕಳು, ಮೊಮ್ಮಕ್ಕಳು ಹೆಚ್ಚಾಗಿರುವ ಕೇರಿ ಅದು. ಸೋಲ್ಜರುಗಳು ಆಡುತ್ತಿದ್ದ ಆಟವನ್ನು ಬೇಲಿಯಾಚೆ ನಿಂತು ನೋಡಿ ಕಲಿತವರು ಅವರು. ಅಲ್ಲಿ ಬುದ್ಧ, ಬಾಬಾಸಾಹೇಬರು, ಮದರ್ ತೆರೇಸಾ ಇವರ ಮೂರ್ತಿಗಳ ಜೊತೆಯಲ್ಲೇ ಪೆಲೆಯ ಮೂರ್ತಿಯೂ ಇದೆ. ಪತ್ರಿಕೆಯವರು ಅದನ್ನು ಮಿನಿ ಬ್ರೆಜಿಲ್ ಎಂದು ಬರೆಯುತ್ತಾರೆ. ನಮ್ಮ ಗುಂಪಿನ ಇಬ್ಬರು ಅಲ್ಲಿನವರು. ಉಳಿದ ನಾವು ಕೋಲಾರದ ಕಡೆಯಿಂದ ಡಿಗ್ರಿಗೆಂದು ಬಂದು ಅವರ ಕೈಗೆ, ಅಲ್ಲ, ಕಾಲಿಗೆ ಸಿಕ್ಕಿಕೊಂಡವರು. ದೇವಸ್ಥಾನದ ಒಳಗೆ ಬಿಡದವರ ಕೇರಿಯಲ್ಲಿ ಒಬ್ಬ ಕಪ್ಪು ಆಟಗಾರ ಬುದ್ಧನ ಪಕ್ಕ ನಿಲ್ಲುತ್ತಾನೆ ಎಂದರೆ ಅದು ಬರೀ ಆಟದ ಹುಚ್ಚಲ್ಲ. ಪೆಲೆ 2022ರ ಡಿಸೆಂಬರ್ 29ರಂದು ತೀರಿಕೊಂಡ. ಅವನ ತಂಡ ಒಂದರ ಮೇಲೊಂದು ಸೋಲುತ್ತಾ ಹೋದದ್ದು ಅದರ ಮರುವರ್ಷ.

ಸೋತ ಕಥೆಯನ್ನು ಮೊದಲು ಹೇಳಿಬಿಡುತ್ತೇವೆ. 2026ರ ವಿಶ್ವಕಪ್ಪಿಗೆ ಅರ್ಹತಾ ಪಂದ್ಯಗಳು 2023ರ ಸೆಪ್ಟೆಂಬರಿನಲ್ಲಿ ಶುರುವಾದವು. ಬೊಲಿವಿಯವನ್ನು 5–1ರಿಂದ ಬಡಿದು, ಪೆರುವನ್ನು ಕೊನೇ ಗಳಿಗೆಯಲ್ಲಿ 1–0ರಿಂದ ಗೆದ್ದು ಬ್ರೆಜಿಲ್ ಹೊರಟಿತು. ಅಕ್ಟೋಬರ್ 12ರಂದು ಕುಯಾಬಾ ಎಂಬ ಊರಲ್ಲಿ ವೆನೆಜುವೆಲಾದ ಜೊತೆ 1–1. ಅವತ್ತು ಆಟ ಮುಗಿಸಿ ಒಳಗೆ ಹೋಗುತ್ತಿದ್ದ ನೈಮಾರನ ತಲೆಗೆ ಅಭಿಮಾನಿಯೊಬ್ಬ ಪಾಪ್‌ಕಾರ್ನ್ ಪೊಟ್ಟಣ ಎಸೆದ. ಅಲ್ಲಿಂದ ಇಳಿಜಾರು. ಅಕ್ಟೋಬರ್ 17, ಮೊಂತೆವಿದೆಯೊದಲ್ಲಿ ಉರುಗ್ವೆಗೆ 2–0 ಸೋಲು, ನೈಮಾರನ ಮಂಡಿಯೂ ಹೋಯಿತು. ನವೆಂಬರ್ 16, ಬರಾಂಕಿಯಾದಲ್ಲಿ ಕೊಲಂಬಿಯಾಕ್ಕೆ 2–1. ನವೆಂಬರ್ 21, ತನ್ನದೇ ಮರಕಾನಾದಲ್ಲಿ ಅರ್ಜೆಂಟೀನಾಕ್ಕೆ 1–0. ವಿಶ್ವಕಪ್ ಅರ್ಹತಾ ಪಂದ್ಯವೊಂದನ್ನು ಬ್ರೆಜಿಲ್ ತನ್ನ ನೆಲದಲ್ಲಿ ಸೋತದ್ದು ಚರಿತ್ರೆಯಲ್ಲಿ ಅದೇ ಮೊದಲು. ಅರ್ಹತಾ ಪಂದ್ಯಗಳಲ್ಲಿ ಸಾಲಾಗಿ ಮೂರು ಸೋತದ್ದೂ ಅದೇ ಮೊದಲು. ಹತ್ತು ತಂಡಗಳಲ್ಲಿ ಆರನೆಯ ಜಾಗಕ್ಕೆ ಜಾರಿತು.

ಆಗ ಕೋಚ್ ಆಗಿದ್ದವನು ಫೆರ್ನಾಂಡೊ ದಿನಿಜ್. ಅವನನ್ನು ನೇಮಿಸಿದ್ದೇ ಒಂದು ವಿಚಿತ್ರ. ಬ್ರೆಜಿಲ್ ಫುಟ್‌ಬಾಲ್ ಒಕ್ಕೂಟದವರು ಇಟಲಿಯ ಕಾರ್ಲೊ ಆನ್ಸೆಲೊಟ್ಟಿಗಾಗಿ ಕಾಯುತ್ತಿದ್ದರು. ಅವನು ರಿಯಲ್ ಮ್ಯಾಡ್ರಿಡ್ ಬಿಟ್ಟು ಬರುವವರೆಗೆ ಒಂದು ವರ್ಷದ ಮಟ್ಟಿಗೆ ದಿನಿಜ್ ಇರಲಿ ಎಂದರು. ದಿನಿಜ್ ಆಗ ರಿಯೊ ನಗರದ ಫ್ಲುಮಿನೆನ್ಸೆ ಕ್ಲಬ್ಬಿನ ಕೋಚ್, ಅದನ್ನೂ ಬಿಡಲಿಲ್ಲ. ಎರಡು ದೋಣಿಯ ಮೇಲೆ ಎರಡು ಕಾಲು. ಒಂದು ದೋಣಿ ದಡ ಸೇರಿತು. ನವೆಂಬರ್ 4ರಂದು ಅದೇ ಮರಕಾನಾದಲ್ಲಿ ಬೋಕಾ ಜೂನಿಯರ್ಸ್ ತಂಡವನ್ನು 2–1ರಿಂದ ಸೋಲಿಸಿ ಫ್ಲುಮಿನೆನ್ಸೆಗೆ ದಕ್ಷಿಣ ಅಮೆರಿಕಾದ ದೊಡ್ಡ ಕಪ್ ಲಿಬರ್ತದೋರೆಸ್ ಗೆದ್ದುಕೊಟ್ಟ. ಹದಿನೇಳು ದಿನ ಕಳೆದ ಮೇಲೆ ಅದೇ ಹುಲ್ಲಿನ ಮೇಲೆ ಇನ್ನೊಂದು ದೋಣಿ ಮುಳುಗಿತು.

ಅಭಿಮಾನಿಗಳ ಸಿಟ್ಟು ಸುಮ್ಮನೆ ಬಂದದ್ದಲ್ಲ. ದಿನಿಜ್‌ನ ಆಟದ ರೀತಿ ಬೇರೆ. ಇಂಥವನು ಇಂಥ ಜಾಗದಲ್ಲೇ ನಿಲ್ಲಬೇಕು ಎಂಬ ಯೂರೋಪಿನ ಕಟ್ಟುಪಾಡನ್ನು ಅವನು ಒಪ್ಪುವುದಿಲ್ಲ. ಚೆಂಡು ಇದ್ದ ಕಡೆ ನಾಲ್ಕೈದು ಮಂದಿ ಒತ್ತಿಕೊಂಡು ಬರಬೇಕು, ಗೋಲಿಯಿಂದ ಹಿಡಿದು ಸಣ್ಣಸಣ್ಣ ಪಾಸುಗಳಲ್ಲೇ ದಾರಿ ಬಿಡಿಸಿಕೊಂಡು ಹೋಗಬೇಕು. ಕೂಡಿಬಂದರೆ ನೋಡೋಕೆ ಹಬ್ಬ. ಆದರೆ ಒಬ್ಬನ ಉಸಿರು ಇನ್ನೊಬ್ಬನಿಗೆ ಗೊತ್ತಿರಬೇಕು, ಅದಕ್ಕೆ ತಿಂಗಳುಗಟ್ಟಲೆ ಜೊತೆಯಲ್ಲಿ ಆಡಿರಬೇಕು. ಕ್ಲಬ್ಬಿನಲ್ಲಿ ಅದು ಸಾಧ್ಯ. ದೇಶದ ತಂಡಕ್ಕೆ ಲಂಡನ್ನಿನಿಂದ, ಮ್ಯಾಡ್ರಿಡ್‌ನಿಂದ ವಿಮಾನ ಇಳಿದು ಬರುವ ಹುಡುಗರಿಗೆ ಸಿಗುವುದು ಬೆರಳೆಣಿಕೆಯ ದಿನ. ತಮಟೆ ಬಾರಿಸೋದು ಗೊತ್ತಿದ್ದರೂ ಒಂದು ಮೇಳವಾಗಿ ಬಾರಿಸೋಕೆ ರಾತ್ರಿಯೆಲ್ಲಾ ಕೂರಬೇಕು ಎಂಬುದು ನಮ್ಮ ಹಟ್ಟಿಯ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ.

ಕೊಲಂಬಿಯಾದ ಪಂದ್ಯವನ್ನೇ ತೆಗೆದುಕೊಳ್ಳಿ. ನಾಲ್ಕನೇ ನಿಮಿಷಕ್ಕೇ ಮಾರ್ಟಿನೆಲ್ಲಿ ಗೋಲು ಹೊಡೆದ. ವಿನೀಸಿಯಸ್, ರೊಡ್ರಿಗೊ, ರಫೀನ್ಯಾ, ಮಾರ್ಟಿನೆಲ್ಲಿ ಎಂದು ನಾಲ್ಕು ಜನ ಮುನ್ನುಗ್ಗುವವರನ್ನು ದಿನಿಜ್ ಒಟ್ಟಿಗೆ ಇಳಿಸಿದ್ದ. ನಡುವೆ ಇದ್ದವರು ಇಬ್ಬರೇ. ಅರ್ಧ ಗಂಟೆ ಆಗುವ ಮೊದಲೇ ವಿನೀಸಿಯಸ್ ಗಾಯಗೊಂಡು ಹೊರಗೆ ಬಂದ. ಕೊಲಂಬಿಯಾದವರು ಅಲೆಅಲೆಯಾಗಿ ಬರತೊಡಗಿದರೂ ನಡುವಿನ ಜಾಗವನ್ನು ಗಟ್ಟಿ ಮಾಡಲಿಲ್ಲ. ನಾವು ಮೊಬೈಲಿನ ಮುಂದೆ ಕೂತು, ನಡುವಿಗೆ ಒಬ್ಬನ್ನ ಹಾಕೋ ಮಾರಾಯಾ ಎಂದು ಬಾಯಿ ಬಡಿದುಕೊಂಡೆವು. ಬ್ರೆಜಿಲಿನವರೂ ಅವರ ಭಾಷೆಯಲ್ಲಿ ಅದನ್ನೇ ಬಡಿದುಕೊಂಡಿರಬೇಕು. 75ನೇ ನಿಮಿಷಕ್ಕೊಂದು, 79ನೇ ನಿಮಿಷಕ್ಕೊಂದು, ಎರಡೂ ತಲೆಯಿಂದ, ಎರಡೂ ಲೂಯಿಸ್ ದಿಯಾಸ್‌ನವು. ಅವನು ವಾಯು ಎಂಬ ಆದಿವಾಸಿ ಸಮುದಾಯದವನು. ಅವನ ಅಪ್ಪನನ್ನು ಗೆರಿಲ್ಲಾಗಳು ಹೊತ್ತೊಯ್ದು, ಒಂದು ವಾರದ ಹಿಂದಷ್ಟೇ ಬಿಟ್ಟಿದ್ದರು. ಆ ಅಪ್ಪ ಸ್ಟ್ಯಾಂಡಿನಲ್ಲಿ ಅಳುತ್ತಾ ನಿಂತಿದ್ದನ್ನು ನೋಡಿದಾಗ, ಸೋತವರ ಕಡೆಯವರಾದ ನಮಗೂ ಸೋಲು ಅರ್ಧ ಮರೆಯಿತು. ಅರ್ಧ ಮಾತ್ರ.

ಮರಕಾನಾದ ದಿನ ಆಟ ಶುರುವಾಗುವ ಮೊದಲೇ ಸ್ಟ್ಯಾಂಡಿನಲ್ಲಿ ಹೊಡೆದಾಟ ಆಯಿತು, ಪೋಲೀಸರ ಲಾಠಿ ಬಿತ್ತು. ಸುಮಾರು ಅರ್ಧ ಗಂಟೆ ತಡವಾಗಿ ಆಟ ನಡೆಯಿತು. 63ನೇ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಓಟಮೆಂಡಿ ತಲೆ ಕೊಟ್ಟ. ಬದಲಿಯಾಗಿ ಬಂದ ಜೋಯೆಲಿಂಟನ್‌ನನ್ನು ಹತ್ತು ನಿಮಿಷ ಆಗುವಷ್ಟರಲ್ಲಿ ಕೆಂಪು ಚೀಟಿ ತೋರಿಸಿ ಕಳಿಸಿದರು. ಹದಿನೇಳರ ಹುಡುಗ ಎಂಡ್ರಿಕ್‌ನನ್ನು ಕೊನೆಗೆ ಇಳಿಸಿದರು, ಮಗ್ಗುಲು ಮುರಿದ ಮನೆಗೆ ಹೊಸ ಕದ ಇಟ್ಟ ಹಾಗೆ. ನಮ್ಮ ಕಡೆ ಆಗ ಬೆಳಗಾಗಿತ್ತು. ಟೀ ಅಂಗಡಿಯಲ್ಲಿ ನಮ್ಮ ಪಕ್ಕ ನಿಂತು ಅದೇ ಆಟ ನೋಡುತ್ತಿದ್ದ ಒಬ್ಬ, ಬಿಳೀ ಅಂಗಿಯ ಆಫೀಸಿನ ಮನುಷ್ಯ, "ಆ ಕರಿಯನ್ನ ಯಾಕೆ ಇಳಿಸಿದ್ರೋ, ಅವರಿಗೆ ತಲೇಲಿ ಏನೂ ಇರಲ್ಲ, ಕಾಲಲ್ಲಿ ಮಾತ್ರ" ಎಂದ. ನಮ್ಮ ಗೌತಮಪುರದ ಗೆಳೆಯ ಟೀ ಲೋಟ ಕೆಳಗಿಟ್ಟ. ಏನೂ ಮಾತಾಡಲಿಲ್ಲ. ಆ ಮನುಷ್ಯನ ಮುಖವನ್ನೇ ಒಂದು ನಿಮಿಷ ನೋಡಿದ. ಅವನು ಚಿಲ್ಲರೆ ಕೊಟ್ಟು ಹೊರಟುಹೋದ.

ಗೆಳೆಯರೇ, ಇಲ್ಲಿಂದ ನಮ್ಮ ಮಾತು ಶುರುವಾಗುತ್ತದೆ. ತಂಡ ಸೋತಾಗ ಕೋಚನ್ನು ಬಯ್ಯುವುದು ಅಭಿಮಾನಿಯ ಹಕ್ಕು. ತನ್ನ ಕೂಲಿಯಲ್ಲಿ ಟಿಕೇಟು ಕೊಂಡವನು, ತನ್ನ ನಿದ್ದೆ ಕೊಟ್ಟವನು ಕೇಳದೆ ಇನ್ಯಾರು ಕೇಳಬೇಕು? ದಿನಿಜ್‌ನನ್ನು ಬಯ್ದದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಪ್ರಶ್ನೆ ಬೇರೆ. ಸೋಲಿನ ಲೆಕ್ಕವನ್ನು ಯಾರ ತಲೆಗೆ ಎಷ್ಟು ದಿನ ಕಟ್ಟುತ್ತಾರೆ? ಸೋತ ಮೇಲೆ ಯಾರಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ, ಯಾರಿಗೆ ತೆರೆಯುವುದಿಲ್ಲ?

ಇದಕ್ಕೆ ಅದೇ ಮರಕಾನಾದಲ್ಲಿ ಒಂದು ಹಳೆಯ ಸಾಕ್ಷಿ ಇದೆ. 1950ರ ಜುಲೈ 16. ವಿಶ್ವಕಪ್ಪಿನ ಕೊನೆಯ ಪಂದ್ಯ, ಬ್ರೆಜಿಲಿಗೆ ಡ್ರಾ ಸಾಕಿತ್ತು. ಸುಮಾರು ಎರಡು ಲಕ್ಷ ಜನ. ಫ್ರಿಯಾಸ ಮೊದಲ ಗೋಲು ಹೊಡೆದ. 66ನೇ ನಿಮಿಷದಲ್ಲಿ ಉರುಗ್ವೆಯ ಗಿಜ್ಜಾ ಬಲಗಡೆಯಿಂದ ನುಗ್ಗಿ ಒಳಕ್ಕೆ ಪಾಸು ಕೊಟ್ಟ, ಸ್ಕಿಯಾಫಿನೊ ಹೊಡೆದ, 1–1. 79ನೇ ನಿಮಿಷದಲ್ಲಿ ಅದೇ ಗಿಜ್ಜಾ, ಅದೇ ಬಲಗಡೆ. ಗೋಲಿ ಮೊವಾಸೀರ್ ಬಾರ್ಬೊಸ ಈ ಸಲವೂ ಒಳಕ್ಕೇ ಪಾಸು ಕೊಡುತ್ತಾನೆಂದು ಒಂದು ಹೆಜ್ಜೆ ಆಚೆ ಸರಿದ. ಗಿಜ್ಜಾ ಗೋಲುಗಂಬಕ್ಕೂ ಬಾರ್ಬೊಸನಿಗೂ ನಡುವಿನ ಸಂದಿನಲ್ಲಿ ತೂರಿಸಿದ. 2–1. ಇಷ್ಟೇ ಆದದ್ದು.

ಈಗ ಲೆಕ್ಕ ಹಾಕಿ. 66ಕ್ಕೂ 79ಕ್ಕೂ ನಡುವೆ ಹದಿಮೂರು ನಿಮಿಷ ಇದೆ. ಒಂದೇ ಕಡೆಯಿಂದ, ಒಬ್ಬನೇ ಆಟಗಾರ, ಎರಡು ಸಲ. ಆ ಕಡೆ ಕಾಯುತ್ತಿದ್ದ ಬಿಗೋಡಿಗೆ ಸಹಾಯಕ್ಕೆ ಇನ್ನೊಬ್ಬನನ್ನು ಸರಿಸಿ ನಿಲ್ಲಿಸುವುದು ಯಾರ ಕೆಲಸ? ಅದು ಗೋಲಿಯ ಕೆಲಸವಲ್ಲ. ಆದರೆ ದೇಶ ಬೆರಳು ತೋರಿಸಿದ್ದು ಬಾರ್ಬೊಸನ ಕಡೆ, ಬಿಗೋಡಿಯ ಕಡೆ, ಜುವೆನಾಲನ ಕಡೆ. ಮೂವರೂ ಕಪ್ಪು ಜನ. ಕಪ್ಪು ಜನಕ್ಕೆ ಕಷ್ಟದ ಹೊತ್ತಲ್ಲಿ ಧೈರ್ಯ ಸಾಲದು ಎಂಬ ಮಾತು ಹುಟ್ಟಿತು. ತಮಾಷೆ ನೋಡಿ, ಅವತ್ತು ಗೆದ್ದ ಉರುಗ್ವೆಯ ನಾಯಕ ಒಬ್ದುಲಿಯೊ ವರೇಲನೂ ಕಪ್ಪು ಮೂಲದವನೇ. ಅವನ ಧೈರ್ಯವನ್ನು ಇವತ್ತಿಗೂ ಹಾಡಿ ಹೊಗಳುತ್ತಾರೆ. ಜಾತಿವಾದಿಯ ಲೆಕ್ಕದಲ್ಲಿ ಇಂಥ ವಿರೋಧಾಭಾಸಗಳು ಎಂದೂ ಸಿಕ್ಕಿಹಾಕಿಕೊಳ್ಳುವುದಿಲ್ಲ, ಅದು ಎಲ್ಲ ದೇಶದಲ್ಲೂ ಒಂದೇ.

ಬಾರ್ಬೊಸ ಆ ಕಾಲದ ಅತ್ಯುತ್ತಮ ಗೋಲಿಗಳಲ್ಲಿ ಒಬ್ಬ. ಆಮೇಲೆ ದೇಶದ ಪರವಾಗಿ ಅವನಿಗೆ ಸಿಕ್ಕಿದ್ದು 1953ರಲ್ಲಿ ಒಂದೇ ಒಂದು ಪಂದ್ಯ. ವಿಶ್ವಕಪ್ಪಿಗೆ ಮೊದಲ ಆಯ್ಕೆಯ ಗೋಲಿಯಾಗಿ ಕಪ್ಪು ಮನುಷ್ಯನೊಬ್ಬ ಮತ್ತೆ ನಿಂತದ್ದು 2006ರಲ್ಲಿ, ದಿದಾ ಎಂಬವನು. ಐವತ್ತಾರು ವರ್ಷ! 1990ರ ದಶಕದಲ್ಲಿ ಮುದುಕ ಬಾರ್ಬೊಸ ಬ್ರೆಜಿಲ್ ತಂಡದ ಶಿಬಿರಕ್ಕೆ ಹುಡುಗರನ್ನು ನೋಡಲು ಹೋದರೆ, ಅಪಶಕುನ ಎಂದು ಒಳಗೆ ಬಿಡಲಿಲ್ಲ. ನೆರಳು ಬಿದ್ದರೆ ಮೈಲಿಗೆ ಎನ್ನುವ ನಾಡಿನಿಂದ ನಾವು ಇದನ್ನು ಓದಿದೆವು. ಓದಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಈ ದೇಶದಲ್ಲಿ ಎಂಥ ಅಪರಾಧಕ್ಕೂ ಹೆಚ್ಚೆಂದರೆ 30 ವರ್ಷ ಶಿಕ್ಷೆ, ನಾನು 50 ವರ್ಷ ಅನುಭವಿಸಿದ್ದೇನೆ ಎಂಬರ್ಥದ ಮಾತನ್ನು ಅವನು ಸಾಯುವ ಮೊದಲು ಹೇಳಿದ್ದ. 2000ದ ಏಪ್ರಿಲ್ 7ರಂದು ಸತ್ತ.

ಸರಿ, ಅವತ್ತಿನ ಕೋಚ್ ಏನಾದ? ಫ್ಲಾವಿಯೊ ಕೋಸ್ಟಾ ಅವನ ಹೆಸರು. 1955ರಲ್ಲಿ ಬ್ರೆಜಿಲ್ ತಂಡಕ್ಕೇ ಮತ್ತೆ ಕೋಚ್ ಆದ. ಇದನ್ನು ನಮ್ಮಲ್ಲಿ ಯಾರೋ ಹುಡುಕಿ ತಂದು ಓದಿದಾಗ ನಂಬದೆ ಎರಡೆರಡು ಕಡೆ ನೋಡಿ ಖಾತ್ರಿ ಮಾಡಿಕೊಂಡೆವು. 2014ರಲ್ಲಿ ತನ್ನ ನೆಲದಲ್ಲೇ ಜರ್ಮನಿಗೆ 7–1 ಸೋತ ತಂಡದ ಕೋಚ್ ಸ್ಕೊಲಾರಿ 2018ರಲ್ಲಿ ಪಾಲ್ಮೈರಾಸ್ ಕ್ಲಬ್ಬಿಗೆ ಬ್ರೆಜಿಲಿನ ಲೀಗ್ ಗೆದ್ದುಕೊಟ್ಟ. ಅವನು ಗೆದ್ದದ್ದಕ್ಕೆ ನಮ್ಮ ಹೊಟ್ಟೆಕಿಚ್ಚಿಲ್ಲ. ಸೋತವನಿಗೆ ಇನ್ನೊಂದು ಅವಕಾಶ ಸಿಗಬೇಕು, ಸಿಕ್ಕಿದರೆ ಗೆಲ್ಲಬಹುದು ಎಂಬುದಕ್ಕೆ ಅವನೇ ಸಾಕ್ಷಿ. ದಿನಿಜ್‌ನನ್ನೂ ನೋಡಿ. 2024ರ ಜನವರಿ 5ರಂದು ದೇಶದ ತಂಡದಿಂದ ತೆಗೆದರು, ಅದೇ ಜೂನಿನಲ್ಲಿ ಫ್ಲುಮಿನೆನ್ಸೆಯವರೂ ತೆಗೆದರು. ಸೆಪ್ಟೆಂಬರಿಗೆ ಕ್ರುಜೇರೊ ಕ್ಲಬ್ಬು ಕರೆಯಿತು, ಅಲ್ಲಿಂದಲೂ ತೆಗೆದ ಮೇಲೆ 2025ರಲ್ಲಿ ವಾಸ್ಕೊ ಡ ಗಾಮಾ ಕ್ಲಬ್ಬು ಕರೆಯಿತು.

ಈ ವಾಸ್ಕೊ ಕ್ಲಬ್ಬಿನ ಮಾತು ಬಂದದ್ದಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಸರು ಕಲ್ಲಿಕೋಟೆಗೆ ಬಂದಿಳಿದ ಅದೇ ಪರಂಗಿಯವನದು, ಕ್ಲಬ್ಬಿನ ಚರಿತ್ರೆ ಮಾತ್ರ ಬೇರೆ. 1923ರಲ್ಲಿ ಕಪ್ಪು ಜನರನ್ನೂ ಕೂಲಿಕಾರರನ್ನೂ ಕಟ್ಟಿಕೊಂಡು ವಾಸ್ಕೊ ರಿಯೊ ನಗರದ ಚಾಂಪಿಯನ್ ಆಯಿತು. ದೊಡ್ಡ ಮನೆತನದವರ ಕ್ಲಬ್ಬುಗಳಿಗೆ ತಡೆಯಲಾಗಲಿಲ್ಲ. 1924ರಲ್ಲಿ ಬೇರೆಯದೇ ಸಂಘ ಕಟ್ಟಿ, ನೀವು ಸೇರಬೇಕಾದರೆ 12 ಆಟಗಾರರನ್ನು ಕೈಬಿಡಿ ಎಂದರು. ನೇರವಾಗಿ ಬಣ್ಣದ ಮಾತು ಆಡಲಿಲ್ಲ. ಆಟಗಾರನಿಗೆ ಮರ್ಯಾದಸ್ಥ ಉದ್ಯೋಗ ಇರಬೇಕು, ಓದಿ ಬರೆದು ಸಹಿ ಮಾಡಲು ಬರಬೇಕು ಎಂಬ ನಿಯಮ ತಂದರು. ಅಕ್ಷರ ಕೊಡದೆ ಇಟ್ಟವರೇ ಅಕ್ಷರವಿಲ್ಲ ಎಂದು ಹೊರಗೆ ನಿಲ್ಲಿಸುವ ಈ ಜಾಣತನವನ್ನು ಹಳ್ಳಿಯ ಮೇಷ್ಟರುಗಳಿಗೆ ನಾವು ವಿವರಿಸಬೇಕಾಗಿಲ್ಲ. ಅವರ ಹಾಜರಿ ಪುಸ್ತಕದ ತುಂಬ ಅದೇ ಇದೆ. ವಾಸ್ಕೊದ ಅಧ್ಯಕ್ಷ ಪ್ರೆಸ್ಟೆಸ್, ಹನ್ನೆರಡು ಜನರನ್ನು ಬಿಡುವುದಿಲ್ಲ, ನಿಮ್ಮ ಸಂಘಕ್ಕೇ ನಾವು ಬರುವುದಿಲ್ಲ ಎಂದು ಕಾಗದ ಬರೆದ. ಆ ಕಾಗದದ ತಾರೀಕು 1924ರ ಏಪ್ರಿಲ್ 7. ಬಾರ್ಬೊಸ ಆಡಿದ ಕ್ಲಬ್ಬೂ ವಾಸ್ಕೊನೇ.

ಅತ್ತ ಫ್ಲುಮಿನೆನ್ಸೆ ಸಿರಿವಂತರ ಕ್ಲಬ್ಬು. 1914ರಲ್ಲಿ ಅಲ್ಲಿ ಆಡಿದ ಕಾರ್ಲೋಸ್ ಆಲ್ಬರ್ಟೊ ಎಂಬ ಮಿಶ್ರ ಬಣ್ಣದ ಹುಡುಗ ಮುಖಕ್ಕೆ ಅಕ್ಕಿಹಿಟ್ಟಿನ ಪೌಡರು ಬಳಿದುಕೊಂಡು ಇಳಿಯುತ್ತಿದ್ದ, ಬೆವರಿದಾಗ ಅದು ಇಳಿದು ಬಣ್ಣ ಕಾಣುತ್ತಿತ್ತು ಎಂಬ ಮಾತಿದೆ. ಕ್ಲಬ್ಬಿನವರು ಕಾರಣ ಬೇರೆ ಹೇಳುತ್ತಾರೆ. ಆ ಕ್ಲಬ್ಬಿನಲ್ಲೇ ಈಗ ಮಾರ್ಕಾವ್ ಎಂಬ ಒಬ್ಬ ಕಪ್ಪು ಮನುಷ್ಯನ ಕಥೆ ಇದೆ. ಹಿಂದೆ ಅಲ್ಲೇ ಆಡಿದವನು. ಕೋಚನ್ನು ತೆಗೆದಾಗಲೆಲ್ಲ ಇವನನ್ನು ಕರೆದು ನಿಲ್ಲಿಸುತ್ತಾರೆ. 2019ರಲ್ಲಿ ನಿಂತ, ಆಮೇಲೆ ಮತ್ತೆ ಮತ್ತೆ ನಿಂತ, 2024ರಲ್ಲಿ ದಿನಿಜ್‌ನನ್ನು ತೆಗೆದಾಗಲೂ ನಿಂತ. ಹೊಸ ಕೋಚ್ ಬಂದ ಕೂಡಲೇ ಪಕ್ಕಕ್ಕೆ ಸರಿದ. ನಮ್ಮ ಇಲಾಖೆಗಳಲ್ಲಿ ಇದಕ್ಕೆ 'ಪ್ರಭಾರ' ಅನ್ನುತ್ತಾರೆ. ಕುರ್ಚಿಯ ಕೆಲಸವೆಲ್ಲ ಮಾಡಬೇಕು, ಬಾಗಿಲ ಮೇಲೆ ಹೆಸರಿನ ಬೋರ್ಡು ಮಾತ್ರ ಇಲ್ಲ.

ಅದೇ ಮಾರ್ಕಾವ್ 2019ರ ಅಕ್ಟೋಬರ್ 12ರಂದು ಮರಕಾನಾದಲ್ಲಿ ಫ್ಲುಮಿನೆನ್ಸೆಯ ಕೋಚಾಗಿ ನಿಂತಾಗ ಎದುರು ತಂಡ ಬಾಹಿಯಾದ ಕೋಚ್ ರೋಜರ್ ಮಚಾದೊ. ಅವನೂ ಕಪ್ಪು ಜನ. ಬ್ರೆಜಿಲಿನ ಮೊದಲ ದರ್ಜೆಯ 20 ತಂಡಗಳಲ್ಲಿ ಕಪ್ಪು ಕೋಚುಗಳು ಅವರಿಬ್ಬರೇ ಇದ್ದದ್ದು. ಇಬ್ಬರೂ ವರ್ಣಭೇದದ ವಿರುದ್ಧದ ಅಂಗಿ ತೊಟ್ಟು ಬಂದರು. ಆಟ ಮುಗಿದ ಮೇಲೆ ರೋಜರ್ ಪತ್ರಕರ್ತರ ಮುಂದೆ ಕೂತು, ನಾವಿಬ್ಬರು ಎದುರಾದದ್ದು ಸುದ್ದಿ ಆಗಿದೆಯಲ್ಲ, ಅದೇ ರೋಗದ ಲಕ್ಷಣ ಎಂಬಂತೆ ಮಾತಾಡಿದ. 2022ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ತಮ್ಮನ್ನು ಕಪ್ಪು ಅಥವಾ ಮಿಶ್ರ ಬಣ್ಣದವರೆಂದು ಬರೆಸಿಕೊಂಡವರು ನೂರಕ್ಕೆ 55. ಮೈದಾನದೊಳಗೆ ಅವರ ಬೆವರಿಲ್ಲದ ತಂಡವೇ ಇಲ್ಲ. ಆದರೆ ಗೆರೆಯಾಚೆ ನಿಂತು ಯಾರು ಆಡಬೇಕು, ಯಾರು ಕೂರಬೇಕು ಎಂದು ತೀರ್ಮಾನಿಸುವ ಜಾಗಕ್ಕೆ ಬರುವಾಗ ಲೆಕ್ಕ ತಲೆಕೆಳಗು. ದುಡಿಯೋಕೆ ನಾವು, ಯಜಮಾನಿಕೆಗೆ ಅವರು. ಟೀ ಅಂಗಡಿಯ ಆ ಬಿಳೀ ಅಂಗಿಯವನು ಕಾಲು, ತಲೆ ಎಂದನಲ್ಲ, ಅದು ಅವನೊಬ್ಬನ ಮಾತಲ್ಲ. ಕಾಲಿನಿಂದ ಹುಟ್ಟಿದವರು, ಬಾಯಿಂದ ಹುಟ್ಟಿದವರು ಎಂಬ ಪುರಾಣ ಓದಿಕೊಂಡ ನಾಡಿದು.

1958ರ ವಿಶ್ವಕಪ್ಪಿನ ಅತ್ಯುತ್ತಮ ಆಟಗಾರ ಪೆಲೆಯಲ್ಲ, ಡಿಡಿ. ಕಪ್ಪು ಜನ, ಆಟದ ತಲೆ ಇದ್ದವನು. 1970ರಲ್ಲಿ ಪೆರು ದೇಶದ ಕೋಚಾಗಿ ಅದನ್ನು ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ಲಿಗೆ ಒಯ್ದ, ಅಲ್ಲಿ ಬ್ರೆಜಿಲಿಗೇ 4–2 ಸೋತ. ತನ್ನ ದೇಶದ ತಂಡಕ್ಕೆ ಅವನು ಕೋಚ್ ಆಗಲೇ ಇಲ್ಲ. ಆ ವರ್ಷ ಬ್ರೆಜಿಲಿನಲ್ಲಿ ಮಿಲಿಟರಿ ಆಡಳಿತ. ಅರ್ಹತಾ ಪಂದ್ಯಗಳ ಆರಕ್ಕಾರೂ ಗೆದ್ದುಕೊಟ್ಟ ಕೋಚ್ ಜೊವಾವ್ ಸಲ್ದಾನ್ಯಾನನ್ನು, ಅವನು ಕಮ್ಯುನಿಸ್ಟ್, ವಿಶ್ವಕಪ್ಪಿಗೆ ಮೂರು ತಿಂಗಳಿದೆ ಎನ್ನುವಾಗ ತೆಗೆದುಹಾಕಿದರು. ಸರ್ವಾಧಿಕಾರಿ ಮೆಡಿಸಿಗೆ ಬೇಕಾದ ಆಟಗಾರನನ್ನು ಅವನು ತೆಗೆದುಕೊಳ್ಳಲಿಲ್ಲ ಎಂಬುದೂ ಒಂದು ಕಾರಣವೆಂದು ಹೇಳುತ್ತಾರೆ. ಕೋಚಿನ ತೀರ್ಮಾನ, ಕೋಚಿನ ತೀರ್ಮಾನ ಎಂದು ನಾವು ಕೂಗುತ್ತೇವೆ. ಕೋಚನ್ನು ತೀರ್ಮಾನಿಸುವವರು ಟೀವಿಯಲ್ಲಿ ಕಾಣುವುದಿಲ್ಲ.

ಹಾಗಾದರೆ ಮೇಲಿನ ಕುರ್ಚಿಯಲ್ಲಿ ನಮ್ಮವನೊಬ್ಬ ಕೂತರೆ ಸಾಕೆ? ಇದು ನಮ್ಮ ಗುಂಪಿನಲ್ಲಿ ರಾತ್ರಿಯಿಡೀ ಜಗಳ ತಂದ ಪ್ರಶ್ನೆ. ಯಾಕೆಂದರೆ ದಿನಿಜ್‌ನನ್ನು ನೇಮಿಸಿ ಆನ್ಸೆಲೊಟ್ಟಿಗೆ ಕಾದು ಕೂತ ಒಕ್ಕೂಟದ ಅಧ್ಯಕ್ಷ ಎಡ್ನಾಲ್ಡೊ ರೋಡ್ರಿಗಸ್, ಆ ಕುರ್ಚಿಗೆ ಬಂದ ಮೊದಲ ಕಪ್ಪು ಮನುಷ್ಯ. ಬಾಹಿಯಾ ಸೀಮೆಯವನು, 2022ರಲ್ಲಿ ಚುನಾಯಿತನಾದ. ಅವನು ನೆಚ್ಚಿದ್ದು ಯೂರೋಪಿನ ದೊರೆಯನ್ನು. 2023ರ ಡಿಸೆಂಬರಿನಲ್ಲಿ ಕೋರ್ಟು ಎಡ್ನಾಲ್ಡೊನನ್ನು ಕುರ್ಚಿಯಿಂದ ಇಳಿಸಿತು. ಅದೇ ತಿಂಗಳ 29ಕ್ಕೆ ಆನ್ಸೆಲೊಟ್ಟಿ ಮ್ಯಾಡ್ರಿಡ್‌ನಲ್ಲೇ ಉಳಿಯುತ್ತೇನೆಂದು ಸಹಿ ಹಾಕಿದ. ಜನವರಿ 4ರಂದು ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಎಡ್ನಾಲ್ಡೊನನ್ನು ಮತ್ತೆ ಕೂರಿಸಿದರು. ಮರುದಿನವೇ ಅವನು ದಿನಿಜ್‌ನನ್ನು ತೆಗೆದ. ಬದಲಿಗೆ ಬಂದ ಡೊರಿವಾಲ್ ಜೂನಿಯರ್, 2024ರ ಕೋಪಾ ಅಮೆರಿಕಾದಲ್ಲಿ ಉರುಗ್ವೆಯ ವಿರುದ್ಧ ಪೆನಾಲ್ಟಿಗೆ ಮೊದಲು ಆಟಗಾರರ ಗುಂಪಿನ ಹೊರಗೆ ಕೈ ಎತ್ತಿಕೊಂಡು, ನನಗೂ ಮಾತಾಡೋಕೆ ಬಿಡ್ರೋ ಎಂಬಂತೆ ನಿಂತಿದ್ದ ಚಿತ್ರ ಎಲ್ಲರೂ ನೋಡಿದ್ದಾರೆ. 2025ರ ಮಾರ್ಚಿನಲ್ಲಿ ಅರ್ಜೆಂಟೀನಾಕ್ಕೆ 4–1 ಸೋತು ಅವನೂ ಹೋದ. ಕೊನೆಗೆ ಮೇ 12ರಂದು ಆನ್ಸೆಲೊಟ್ಟಿ ಬರುತ್ತಾನೆಂದು ಎಡ್ನಾಲ್ಡೊ ಸಾರಿದ. ಮೂರು ದಿನಕ್ಕೆ, ಒಪ್ಪಂದವೊಂದರ ಸಹಿಯ ತಕರಾರಿನಲ್ಲಿ, ಕೋರ್ಟು ಅವನನ್ನು ಮತ್ತೆ ಇಳಿಸಿತು.

ನಮ್ಮಲ್ಲಿ ಕೆಲವರು, ನೋಡ್ರೋ ನಮ್ಮೋನು ಕೂತ್ರೆ ಕಾಲು ಎಳೀತಾರೆ ಎಂದರು. ಇನ್ನು ಕೆಲವರು, ಕೂತಾಗ ರೋಜರ್‌ನಂಥವನ ಕಡೆ ತಿರುಗಿಯೂ ನೋಡಲಿಲ್ಲವಲ್ಲ, ಮೀಸಲು ಕ್ಷೇತ್ರದ ನಮ್ಮ ಶಾಸಕರ ಹಾಗೆ ಎಂದರು. ಎರಡೂ ನಿಜವೆಂದೇ ನಮಗೆ ಕಾಣುತ್ತದೆ. ಜಗಳ ಇನ್ನೂ ಮುಗಿದಿಲ್ಲ.

ನಮ್ಮ ನೆಲದ್ದೇ ಒಂದು ಮಾತು. ಧಾರವಾಡದಲ್ಲಿ ಹುಟ್ಟಿದ ಪಲ್ವಣಕರ್ ಬಾಳೂ ಚಮ್ಮಾರರ ಮನೆಯ ಮಗ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಪುಣೆಯಲ್ಲಿ ಅವರ ಕೈ ಸೋಕಿದ ಚೆಂಡನ್ನು ಎಲ್ಲರೂ ಹಿಡಿಯುತ್ತಿದ್ದರು, ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. 1920ರಲ್ಲಿ ಅವರ ತಮ್ಮಂದಿರು ಆಡುವುದಿಲ್ಲ ಎಂದು ಹೊರನಡೆದರು. 1923ರಲ್ಲಿ ತಮ್ಮ ವಿಠ್ಠಲ್ ನಾಯಕರಾದರು. ವಾಸ್ಕೊ ಚಾಂಪಿಯನ್ ಆದ ವರ್ಷವೂ ಅದೇ ಎಂಬುದನ್ನು ಗಮನಿಸಿ.

ಇದೆಲ್ಲ ದೂರದ ಮಾತು, ಹಳೇ ಮಾತು ಅನ್ನಿಸಿದರೆ ಹತ್ತಿರದ್ದು ಹೇಳುತ್ತೇವೆ. ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಗಣಿತದ ಒಂದು ಪೇಪರಿನಲ್ಲಿ ಫೇಲಾದ. ಮೇಷ್ಟರು ತರಗತಿಯಲ್ಲಿ, "ಇದಕ್ಕೇ ನಾನು ಹೇಳೋದು, ಕೋಟಾದಲ್ಲಿ ಬಂದವರಿಗೆ ಗಣಿತ ಹತ್ತಲ್ಲ" ಎಂದರು. ಅದೇ ಬೆಂಚಿನಲ್ಲಿ ಮೂರು ಪೇಪರ್ ಕಳೆದುಕೊಂಡ ಇನ್ನೊಬ್ಬ ಕೂತಿದ್ದ. ಅವನಿಗೆ "ಏನಯ್ಯ, ಹುಷಾರಿರಲಿಲ್ವಾ?" ಎಂದರು. ಒಬ್ಬನ ಸೋಲು ಜ್ವರ, ಇನ್ನೊಬ್ಬನ ಸೋಲು ಜಾತಿ. ನಮ್ಮ ಗೆಳೆಯ ಮುಂದಿನ ಸಲ ಅದೇ ಪೇಪರಿನಲ್ಲಿ ಪಾಸಾದ, ಈಗ ಒಂದು ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಗಣಿತವನ್ನೇ ಹೇಳಿಕೊಡುತ್ತಿದ್ದಾನೆ. ಆ ಒಂದು ಸಲದ ಮಾತು ಮಾತ್ರ ಅವನ ಕಿವಿಯಲ್ಲಿ ಹಾಗೇ ಇದೆ.

ಆನ್ಸೆಲೊಟ್ಟಿ ಬಂದ ಮೇಲೆ 2025ರ ಜೂನ್ 10ರಂದು ಪರಾಗ್ವೆಯನ್ನು 1–0ರಿಂದ ಸೋಲಿಸಿ ಬ್ರೆಜಿಲ್ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಸೆಪ್ಟೆಂಬರಿನಲ್ಲಿ ಬೊಲಿವಿಯದ ಎಲ್ ಆಲ್ಟೊದಲ್ಲಿ, ಸಮುದ್ರಮಟ್ಟದಿಂದ 4,000 ಮೀಟರಿಗೂ ಮೇಲೆ, 1–0 ಸೋತಿತು. ಒಟ್ಟು 18 ಪಂದ್ಯ, 6 ಸೋಲು, 28 ಅಂಕ, ಐದನೆಯ ಸ್ಥಾನ. ಎಲ್ ಆಲ್ಟೊದ ಸೋಲಿಗೆ ನಾವು ಮಾತಾಡಿದವರೆಲ್ಲ ಬಯ್ದದ್ದು ಬೆಟ್ಟವನ್ನು. ಪಾಪ, ಅಲ್ಲಿ ಉಸಿರೇ ಆಡಲ್ವಂತೆ ಎಂದರು. ಅದೇ ತಿಂಗಳು ರೋಜರ್ ಮಚಾದೊನ ತಂಡ ಇಂಟರ್‌ನಾಸಿಯೊನಾಲ್ ಊರಿನ ಎದುರಾಳಿ ಗ್ರೇಮಿಯೊಗೆ ಸೋತಿತು, ಅವನನ್ನು ಆಗಲೇ ತೆಗೆದರು. ಆ ವರ್ಷದ ಮಾರ್ಚಿನಲ್ಲಿ ಅದೇ ಗ್ರೇಮಿಯೊವನ್ನು ಹಿಂದಿಕ್ಕಿ ರಾಜ್ಯದ ಕಪ್ ಗೆದ್ದುಕೊಟ್ಟವನು ಅವನು. ಅವನ ತೀರ್ಮಾನಗಳೆಲ್ಲ ಸರಿ ಇದ್ದವೆಂದು ನಾವು ಹೇಳುವುದಿಲ್ಲ, ಅಲ್ಲಿನ ಅಭಿಮಾನಿಗಳು ಬಯ್ದಿದ್ದರೆ ಅದು ಅವರ ಹಕ್ಕು.

ಗೌತಮಪುರದಲ್ಲಿ ಹೋದ ತಿಂಗಳು ಹುಡುಗರ ಒಂದು ಸಣ್ಣ ಪಂದ್ಯ ನೋಡಿದೆವು. ಕೋಚ್ ಅಂದರೆ ಪೇಂಟಿಂಗ್ ಕೆಲಸದ ಅಣ್ಣ ಒಬ್ಬರು, ವಾರವೆಲ್ಲ ಗೋಡೆಗೆ ಬಣ್ಣ, ಭಾನುವಾರ ಮೈದಾನ. ಅವರ ತಂಡಕ್ಕೆ ಅದು ಸಾಲಾಗಿ ನಾಲ್ಕನೇ ಸೋಲು. ಹದಿನಾಲ್ಕರ ಗೋಲಿಯ ಎರಡು ಕೈ ನಡುವೆ ಚೆಂಡು ಜಾರಿಹೋಗಿತ್ತು. ಸುತ್ತ ನಿಂತವರು ಅಣ್ಣನ ಮೇಲೆ ಎಗರಿದರು. ಅವನನ್ನ ಯಾಕಣ್ಣಾ ಇಳಿಸ್ದೆ, ದೊಡ್ಡೋನು ಕೂತಿದ್ನಲ್ಲ, ನಿಂಗೆ ಆಟ ಗೊತ್ತಾ ಇಲ್ವಾ ಎಂದು ಒಬ್ಬರಾದ ಮೇಲೊಬ್ಬರು. ಅಣ್ಣ ಎಲ್ಲ ಕೇಳಿಸಿಕೊಂಡರು. "ಬೈರಿ ತಂಬಿ, ನನ್ನ ಬೈರಿ. ಬರೋ ಭಾನ್ವಾರಾನೂ ಇವನೇ ನಿಲ್ಲೋದು" ಎಂದು, ಹುಡುಗನ ಕೈಯಿಂದ ಗ್ಲೌಸ್ ಬಿಚ್ಚಿಸಿ ತಮ್ಮ ಚೀಲಕ್ಕೆ ಹಾಕಿಕೊಂಡು, ನೆಟ್ಟು ಮಡಚಲು ಹೋದರು.